ಕಾದಂಬರಿಯ ರಸ, ಇತಿಹಾಸದ ಋಣ

ಸುಳ್ಳೆಂದು ತಿಳಿದಿದ್ದರೂ ಕಥೆಯನ್ನು ಕೇಳಿ ಮನುಷ್ಯನು ಅಳುವನು, ನಗುವನು, ಹೆದರುವನು. ಎದುರಿಗೆ ಹುಲಿಯಿಲ್ಲ, ಆದರೂ ಎದೆ ಹೊಡೆದುಕೊಳ್ಳುವುದು. ಸತ್ತವನು ತನ್ನ ಬಂಧುವಲ್ಲ. ಆದರೂ ಕಣ್ಣು ತೇವವಾಗುವುದು. ಈ ವಿಚಿತ್ರ ವ್ಯಾಪಾರವನ್ನು ಕುರಿತು ಭರತಮುನಿಯ ಕಾಲದಿಂದಲೂ ವಿಚಾರ ನಡೆದಿದೆ. ಇಷ್ಟಾದರೂ ಪ್ರಶ್ನೆಯು ತೀರಿಹೋಗಿಲ್ಲ. ಪ್ರತಿಯೊಂದು ತಲೆಮಾರಿನ ವಾಚಕನಿಗೂ ಅದು ಹೊಸ ವೇಷದಲ್ಲಿ ಎದುರಾಗುತ್ತದೆ. ಈ ಕಾಲದಲ್ಲಿ ಅದರ ವೇಷವು ಕಾದಂಬರಿ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸಿಕೊಳ್ಳೋಣ. ಹಗಲು ಅಡಕೆಯ ತೋಟವನ್ನೂ ಭತ್ತದ ಗದ್ದೆಯನ್ನೂ ನೋಡಿಕೊಂಡು, ರಾತ್ರಿ ಊಟವಾದ ಮೇಲೆ ದೀಪದ ಬಳಿ ಪುಸ್ತಕ ಹಿಡಿದು ಕೂರುವುದು ಅವನ ಪದ್ಧತಿ. ಮೂರು ಬಗೆಯ ಕಾದಂಬರಿಗಳೆಂದರೆ ಅವನಿಗೆ ಪ್ರಾಣ: ಭಯವನ್ನುಂಟುಮಾಡುವವು, ಅದ್ಭುತಲೋಕವನ್ನು ತೋರಿಸುವವು, ಹಿಂದಿನ ರಾಜರ ಕಾಲವನ್ನು ಕಣ್ಣ ಮುಂದೆ ತರುವವು. ಅವನ ಅಭಿಪ್ರಾಯಗಳಲ್ಲಿ ಉತ್ಸಾಹವೇ ಹೆಚ್ಚು, ತೂಕ ಕಡಮೆ. ಯಂಡಮೂರಿ ವೀರೇಂದ್ರನಾಥರ ತುಳಸಿದಳವನ್ನು ಓದಿದ ರಾತ್ರಿ ಹಿತ್ತಲಿಗೆ ಹೋಗಲು ಧೈರ್ಯವಾಗಲಿಲ್ಲವೆಂದು ಹೆಮ್ಮೆಯಿಂದಲೇ ಹೇಳುವನು. ಚಂದ್ರಶೇಖರ ಕಂಬಾರರ ಶಿಖರಸೂರ್ಯವನ್ನು ಓದದವನು ಕನಸನ್ನೇ ಕಂಡಿಲ್ಲವೆನ್ನುವನು. ಲಿಸ್ಬನ್ ನಗರದಿಂದ ವಿಜಯನಗರದವರೆಗೆ ವಾಚಕನನ್ನು ಕರೆದುಕೊಂಡು ಹೋಗುವ ವಸುಧೇಂದ್ರರ ತೇಜೋ ತುಂಗಭದ್ರಾವನ್ನು ನೆರೆಮನೆಯವರಿಗೆಲ್ಲ ಓದಲು ಕೊಡುವನು. ತ. ರಾ. ಸುಬ್ಬರಾಯರ ದುರ್ಗಾಸ್ತಮಾನದ ಮಾತು ಬಂದರಂತೂ ಕೇಳುವವರಿಗೆ ಬಿಡುಗಡೆಯಿಲ್ಲ.

ಮನೆಯ ಹಿರಿಯರು ಇದನ್ನು ಮೆಚ್ಚರು. “ದೆವ್ವದ ಕಥೆಯಿಂದ ಮಕ್ಕಳು ಬೆದರುತ್ತವೆ, ಮಾಯದ ಕಥೆಯಿಂದ ಬುದ್ಧಿ ಮಂಕಾಗುತ್ತದೆ, ರಾಜರ ಕಥೆಯೊಂದೇ ವಾಸಿ, ಅದರಲ್ಲಿ ಚರಿತ್ರೆಯಾದರೂ ಇದೆ” ಎಂಬುದು ಅವರ ತೀರ್ಪು. ಸುಶಿಕ್ಷಿತ ಕುಟುಂಬಗಳಲ್ಲಿ ಈ ತೀರ್ಪು ಸಾಮಾನ್ಯವಾದುದು. ಪರಾಮರ್ಶಿಸಿ ನೋಡಿದರೆ ಇದು ತಲೆಕೆಳಗಾದ ತೀರ್ಪೆಂದು ತೋರುತ್ತದೆ. ಮೊದಲಿನ ಎರಡು ಬಗೆಗಳು ಬಹುಮಟ್ಟಿಗೆ ನಿರಪಾಯವಾದವು. ಧರ್ಮಸೂಕ್ಷ್ಮವೆಲ್ಲ ಅಡಗಿರುವುದು ಮೂರನೆಯದರಲ್ಲಿ.

ಭಯದ ವಿಷಯವನ್ನು ಮೊದಲು ನೋಡಬಹುದು. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸ, ಅದ್ಭುತ ಈ ಮೂರೂ ಸೇರಿವೆ. ಶಾಂತವು ಒಂಬತ್ತನೆಯದಾಗಿ ಸೇರಿದ್ದು ಆಮೇಲೆ. ಹೆದರಿಕೆಯನ್ನು ನಮ್ಮ ಆಲಂಕಾರಿಕರು ಕಾವ್ಯದಿಂದ ಹೊರಗಟ್ಟಲಿಲ್ಲ. ಆಸನ ಕೊಟ್ಟು ಕೂರಿಸಿದರು. ಏಕೆಂದರೆ ಲೋಕದ ಭಯ ಬೇರೆ, ಕಾವ್ಯದ ಭಯ ಬೇರೆ. ಲೋಕದಲ್ಲಿ ಹೆದರುವವನಿಗೆ ತಾನು ಸಾಯುವೆನೆಂಬ ಚಿಂತೆಯೊಂದೇ. ಅವನ ಮನಸ್ಸು ಮುದುಡುವುದು. ಕಾವ್ಯದಲ್ಲಿ ಆ ಭಯವು ಇಂಥವನದೆಂಬ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆಗುವುದು. ಅಭಿನವಗುಪ್ತರು ಇದಕ್ಕೆ ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಉದಾಹರಿಸಿದರು. ಆ ಭಯವು ಜಿಂಕೆಯದೂ ಅಲ್ಲ, ಪ್ರೇಕ್ಷಕನದೂ ಅಲ್ಲ; ದೇಶಕಾಲಗಳ ಸಂಬಂಧವಿಲ್ಲದ ಭಯಮಾತ್ರ. ಅದನ್ನು ಆಸ್ವಾದಿಸಿದವನಿಗೆ ಪ್ರಾಣಿಯೊಂದರ ಪ್ರಾಣಭೀತಿಯು ಏನೆಂಬುದು ಅರಿವಾಗುವುದು. ಅರಿವಾದಮೇಲೆ ಕರುಣೆಯು ದೂರವಿರದು.

ಕನ್ನಡಕ್ಕೂ ಈ ದಾರಿ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಹೆಣಗಳು ಬಿದ್ದ ರಣಭೂಮಿಯ ನಡುವೆ ನಡೆಸಿದನು. ಮರುಳುಗಳಿಂದ ಆ ಚಕ್ರವರ್ತಿಯನ್ನು ಅಣಕಿಸಿದನು. ಇಂದಿನ ಯಾವ ಭಯದ ಕಾದಂಬರಿಯೂ ಆ ಸನ್ನಿವೇಶಕ್ಕೆ ಸರಿಗಟ್ಟುವುದು ಕಷ್ಟ. ಆದರೆ ಅದನ್ನು ಓದಿದವನ ಮನಸ್ಸಿನಲ್ಲಿ ಉಳಿಯುವುದು ಹೆದರಿಕೆಯಲ್ಲ, ಛಲದ ಫಲ. ಹಾಗೆಯೇ ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜನು ಶ್ಮಶಾನದಿಂದ ಹೆಣವನ್ನು ಹೊತ್ತು ತರುತ್ತಿರುವಾಗ ಅದರೊಳಗಿನ ಬೇತಾಳನು ಕಥೆ ಹೇಳಿ ಪ್ರಶ್ನೆ ಹಾಕುವನು. ಆ ಪ್ರಶ್ನೆಗಳು ಬಹುಮಟ್ಟಿಗೆ ನ್ಯಾಯಾನ್ಯಾಯವನ್ನು ಕುರಿತವು. ಹೆಗಲ ಮೇಲೆ ಹೆಣವಿರುವಾಗಲೂ ನ್ಯಾಯವನ್ನು ತಪ್ಪದೆ ಹೇಳಬಲ್ಲವನೇ ರಾಜನೆಂಬುದು ಆ ಭೀಕರ ಕಥೆಯ ತಾತ್ಪರ್ಯ.

ಅದ್ಭುತದ ಕಥೆಗೂ ಇದೇ ಸಮಾಧಾನವು ಸಲ್ಲುವುದು. ಶಿಖರಸೂರ್ಯದಂಥ ಕಾದಂಬರಿಯನ್ನು ಓದುವವನು ಅದರಲ್ಲಿ ಬರುವ ರಾಜ್ಯವನ್ನು ಭೂಪಟದಲ್ಲಿ ಹುಡುಕಲಾರನು. ಅದು ಇಲ್ಲವೆಂಬುದನ್ನು ಬರೆದವರೂ ಬಲ್ಲರು, ಓದುವವರೂ ಬಲ್ಲರು. ಇಬ್ಬರಿಗೂ ಒಪ್ಪಿಗೆಯಾದ ಅಸತ್ಯದಲ್ಲಿ ವಂಚನೆಯಿಲ್ಲ. ವಂಚನೆಯಿಲ್ಲದ ಕಡೆ ದೋಷವನ್ನು ಹೇಳುವುದು ಸರಿಯಲ್ಲ.

ಈ ಒಪ್ಪಂದವನ್ನು ಕನ್ನಡ ಭಾಷೆಯು ಒಂದು ಚಿಕ್ಕ ಪ್ರತ್ಯಯದಲ್ಲಿ ಇಟ್ಟುಕೊಂಡಿದೆ. ಅಜ್ಜಿಯು ಮಕ್ಕಳಿಗೆ ಕಥೆ ಹೇಳುವಾಗ “ಒಂದೂರಲ್ಲಿ ಒಬ್ಬ ರಾಜ ಇದ್ದ” ಎನ್ನುವುದಿಲ್ಲ, “ಇದ್ದನಂತೆ” ಎನ್ನುವಳು. ಆ “ಅಂತೆ”ಯಲ್ಲಿ ಎಷ್ಟು ವಿವೇಕವಿದೆ! ತಾನು ಕಂಡದ್ದಲ್ಲ, ಕೇಳಿದ್ದು. ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು ಎಂಬುದಷ್ಟನ್ನೂ ಅದು ಹೇಳುವುದು. ಸಂಸ್ಕೃತದಲ್ಲಿಯೂ ಪಾಣಿನಿಯು ಭೂತಕಾಲವನ್ನು ಒಂದೇ ರಾಶಿಯಾಗಿ ಬಿಡದೆ, ಹೇಳುವವನ ಕಣ್ಣಿಗೆ ಮರೆಯಾಗಿ ನಡೆದುದಕ್ಕೆ ಲಿಟ್ಟೆಂಬ ಬೇರೆ ಲಕಾರವನ್ನೇ ವಿಧಿಸಿದನು. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಮಾತಿನಿಂದ ಹೇಳಬಾರದೆಂಬ ಧರ್ಮವು ವ್ಯಾಕರಣದಲ್ಲಿಯೇ ನೆಲೆಸಿದೆ.

“ಅಂತೆ”ಯು ಬಿದ್ದುಹೋದಾಗ ಭಯದ ಕಥೆಯೂ ಅಪಾಯಕ್ಕೆ ತಿರುಗುವುದು. ಮಾಟದ ಕಾದಂಬರಿಯನ್ನು ಕಾದಂಬರಿಯೆಂದೇ ಓದಿದರೆ ರಾತ್ರಿಯೊಂದರ ನಿದ್ದೆ ಕೆಡಬಹುದು, ಅಷ್ಟೆ. ಮಾಟವು ನಿಜವೆಂದು ನಂಬಿ ಊರಿನಲ್ಲಿ ಮಾಟಗಾತಿಯನ್ನು ಹುಡುಕಲು ಹೊರಟರೆ ಕೆಡುವುದು ಯಾರದೋ ಬಾಳು. ದಿಕ್ಕಿಲ್ಲದ ಮುದುಕಿಯರೂ ವಿಧವೆಯರೂ ಇಂಥ ಅಪವಾದಕ್ಕೆ ಸಿಕ್ಕಿ ಬಹಿಷ್ಕಾರವನ್ನೂ ಪೆಟ್ಟನ್ನೂ ಅನುಭವಿಸಿದ ಸಂಗತಿಗಳು ನಮ್ಮ ದೇಶದಲ್ಲಿ ಹಲವು. ಮಾಟಮಂತ್ರಗಳ ಹೆಸರಿನ ಅಮಾನುಷ ಆಚರಣೆಗಳನ್ನು ತಡೆಯಲು ಕರ್ಣಾಟಕದ ಶಾಸನಸಭೆಯು ೨೦೧೭ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಇದರಲ್ಲಿ ದೋಷವು ಕಥೆಯದಲ್ಲ. ಕಥೆಯನ್ನು ಕಥೆಯಾಗಿ ಉಳಿಸಿಕೊಳ್ಳಲಾರದ ಮನಸ್ಸಿನದು.

ಈಗ ಚರಿತ್ರೆಯ ಕಾದಂಬರಿಗೆ ಬರಬಹುದು. ಇದರ ಉಪಕಾರವು ದೊಡ್ಡದು. ಸ್ಕಾಟನ ವೇವರ್ಲಿ ೧೮೧೪ರಲ್ಲಿ ಹೊರಬಂದಿತು. ಬಂಕಿಮಚಂದ್ರರ ದುರ್ಗೇಶನಂದಿನಿ ೧೮೬೫ರಲ್ಲಿ. ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದು ಸಾವಿರಾರು ಮನೆಗಳಲ್ಲಿ ಓದುವ ಹವ್ಯಾಸವನ್ನು ಬೆಳೆಸಿದರು. ಗಳಗನಾಥರು ಮಾಧವ ಕರುಣಾವಿಲಾಸದಲ್ಲಿ ವಿಜಯನಗರದ ಸ್ಥಾಪನೆಯನ್ನು ಕಥೆ ಮಾಡಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರೆಂಬುದು ಪ್ರಸಿದ್ಧವಾಗಿದೆ. ಪರಾಧೀನತೆಯಲ್ಲಿ ಕುಗ್ಗಿದ್ದ ಜನಕ್ಕೆ ತಮಗೂ ಒಂದು ಪೂರ್ವಕಾಲವಿತ್ತೆಂಬ ಧೈರ್ಯವನ್ನು ಕೊಟ್ಟವು ಇಂಥ ಪುಸ್ತಕಗಳೇ.

ಕೆರೆಬಿಳಚಿಯ ವಾಚಕನಿಗೆ ಈ ಋಣವು ಇನ್ನೂ ಹತ್ತಿರದ್ದು. ತ.ರಾ.ಸು. ಅವರು ೧೯೨೦ರಲ್ಲಿ ಹುಟ್ಟಿದ್ದು ಅದೇ ಸೀಮೆಯ ಮಲೇಬೆನ್ನೂರಿನಲ್ಲಿ. ಚಿತ್ರದುರ್ಗದ ನಾಯಕರನ್ನು ಕುರಿತು ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಮೊದಲಾದ ಕಾದಂಬರಿಗಳ ಸಾಲನ್ನೇ ಬರೆದು, ೧೭೭೯ರಲ್ಲಿ ಹೈದರನ ಕೈಗೆ ದುರ್ಗವು ಬಿದ್ದ ಕಥೆಯನ್ನು ದುರ್ಗಾಸ್ತಮಾನದಲ್ಲಿ ಹೇಳಿದರು. ಅವರು ೧೯೮೪ರಲ್ಲಿ ತೀರಿಕೊಂಡರು. ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದದ್ದು ಮರುವರ್ಷ. ಚನ್ನಗಿರಿಯ ಹೆಸರು ಕೆಳದಿಯ ಚನ್ನಮ್ಮಾಜಿಯಿಂದ ಬಂದಿತೆನ್ನುವರು. ದುರ್ಗದ ನಾಯಕರು ಕಾದಿದ ಮಾಯಕೊಂಡವು ದೂರದಲ್ಲಿಲ್ಲ. ಸಂತೇಬೆನ್ನೂರಿನಲ್ಲಿ ಅಲ್ಲಿಯ ನಾಯಕರ ಪುಷ್ಕರಿಣಿಯು ಇಂದಿಗೂ ನೋಡುವವರ ಕಣ್ಣಿಗೆ ಹಬ್ಬವಾಗಿದೆ. ಕಾದಂಬರಿಯ ಭೂಮಿಯೂ ವಾಚಕನು ನಡೆದಾಡುವ ಭೂಮಿಯೂ ಇಲ್ಲಿ ಒಂದೇ. ಅವನ ಉತ್ಸಾಹವು ಹೆಚ್ಚಾಗಿರುವುದಕ್ಕೂ, ಅವನ ಎಚ್ಚರವು ಹೆಚ್ಚಾಗಿರಬೇಕಾದುದಕ್ಕೂ ಇದೇ ಕಾರಣ.

ಚರಿತ್ರೆಯ ಕಾದಂಬರಿಯ ಗುಟ್ಟೇನು? ಅಭಿನವಗುಪ್ತರು ರಸಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ, ಹೀಗೆ ನಡೆದೀತೆಂದು ಮನಸ್ಸು ಒಪ್ಪದಿರುವುದೇ ಮೊದಲನೆಯ ವಿಘ್ನವೆಂದರು. ಲೋಕೋತ್ತರವಾದ ಕಾರ್ಯಗಳನ್ನು ಹೇಳಬೇಕಾದ ಕವಿಯು ರಾಮನೇ ಮೊದಲಾದ ಪ್ರಸಿದ್ಧ ನಾಮಗಳನ್ನು ಆಶ್ರಯಿಸುವುದು ಆ ವಿಘ್ನದ ಪರಿಹಾರಕ್ಕಾಗಿ. ಆ ಹೆಸರುಗಳಲ್ಲಿ ಜನರ ನಂಬಿಕೆಯು ಮೊದಲೇ ಬೇರೂರಿರುವುದು. ಮದಕರಿನಾಯಕನೆಂಬ ಹೆಸರನ್ನು ಕಂಡೊಡನೆ ದುರ್ಗದ ಸೀಮೆಯ ವಾಚಕನು ಅರ್ಧ ನಂಬಿಯಾಯಿತು. ಇನ್ನರ್ಧವನ್ನು ಗೆಲ್ಲುವುದು ಕಾದಂಬರಿಕಾರನ ಕೌಶಲ. ಆದರೆ ಆ ಮೊದಲ ಅರ್ಧವು ಕಾದಂಬರಿಕಾರನ ಸ್ವಂತ ಗಳಿಕೆಯಲ್ಲ. ಬದುಕಿ, ಆಳಿ, ಕಾದಿ, ಮಡಿದ ಒಬ್ಬ ಮನುಷ್ಯನಿಂದ ತಂದ ಸಾಲ. ಸಾಲ ತಂದಲ್ಲಿ ಋಣವುಂಟು. ಬೇತಾಳನ ಕಥೆಗೂ ಶಿಖರಸೂರ್ಯಕ್ಕೂ ಇಲ್ಲದ ಕಟ್ಟು ಇದಕ್ಕೆ ಬರುವುದು ಈ ಋಣದಿಂದಲೇ.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಕವಿಯು ಇತಿವೃತ್ತದ ದಾಸನಲ್ಲ. ರಸಕ್ಕೆ ಒಗ್ಗದ ಸಂಗತಿಯನ್ನು ಬಿಟ್ಟು ಬೇರೆಯದನ್ನು ಕಲ್ಪಿಸಬಹುದೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಅನುಮತಿ ಕೊಟ್ಟಿರುವನು. ಭಾರತದ ಕಥೆಯಲ್ಲಿ ದುಷ್ಯಂತನು ಶಕುಂತಲೆಯನ್ನು ಬಲ್ಲವನಾಗಿಯೇ ಅಲ್ಲಗಳೆಯುವನು. ಕಾಳಿದಾಸನು ದುರ್ವಾಸರ ಶಾಪವನ್ನು ತಂದು ಅವನನ್ನು ದೋಷದಿಂದ ಪಾರುಮಾಡಿದನು. ಕಾಳಿದಾಸನಿಗೆ ಸಂದ ಸ್ವಾತಂತ್ರ್ಯವು ಇಂದಿನವರಿಗೆ ಏಕೆ ಸಲ್ಲಬಾರದು?

ಸಲ್ಲಲೇಬೇಕು, ಆದರೆ ಎರಡು ಭೇದಗಳನ್ನು ಮರೆಯಬಾರದು. ಕಾಳಿದಾಸನು ಕಥೆಯನ್ನು ತಿದ್ದಿದ್ದು ನಾಯಕನ ಮಾನವನ್ನು ಉಳಿಸುವುದಕ್ಕಾಗಿ. ಅಲ್ಲದೆ ಮೂಲಕಥೆಯು ಪ್ರೇಕ್ಷಕರಿಗೆಲ್ಲ ಬಾಯಿಪಾಠವಾಗಿತ್ತು. ಕವಿಯು ಏನನ್ನು ಸೇರಿಸಿದನೆಂದು ಅವರು ಬಲ್ಲವರಾಗಿದ್ದರು. ಇಂದಿನ ವಾಚಕನಿಗೆ ಮೂಲವು ತಿಳಿಯದು. ಬಿದನೂರಿನ ಕೊನೆಯ ರಾಣಿ ವೀರಮ್ಮಾಜಿಯ ವಿಷಯವನ್ನೇ ತೆಗೆದುಕೊಳ್ಳಬಹುದು. ೧೭೬೩ರಲ್ಲಿ ಆ ರಾಜ್ಯವನ್ನು ಹೈದರನು ಗೆದ್ದನು. ರಾಣಿಯ ನಡತೆಯನ್ನು ಕುರಿತು ನಾನಾ ಬಗೆಯ ಮಾತುಗಳು ಹಿಂದಿನ ಬರಹಗಳಲ್ಲಿ ಉಳಿದುಬಂದವು. ಮಾಸ್ತಿಯವರು ಚೆನ್ನಬಸವನಾಯಕವನ್ನು ಬರೆದಾಗ ಅದರಲ್ಲಿಯ ರಾಣಿಯ ಚಿತ್ರವು ವಿವಾದಕ್ಕೆ ಕಾರಣವಾಯಿತು. ಮಾಸ್ತಿಯವರು ದ್ವೇಷದಿಂದ ಬರೆಯುವ ಮನೋಧರ್ಮದವರಲ್ಲ. ರಾಜ್ಯವೊಂದು ಒಳಗಿನಿಂದಲೇ ಹೇಗೆ ಶಿಥಿಲವಾಗುವುದೆಂಬುದನ್ನು ನೋಡಿದವರು. ಕಾದಂಬರಿಯಾಗಿ ಆ ಕೃತಿಯು ಶ್ರೇಷ್ಠವಾದುದೆಂಬುದನ್ನು ಅಲ್ಲಗಳೆಯಲಾಗದು. ಆದರೂ ಆಕ್ಷೇಪಿಸಿದವರ ನೋವನ್ನು ಅರಸಿಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸತ್ತ ಹೆಂಗಸು ಬಂದು ತನ್ನ ಪರವಾಗಿ ಸಾಕ್ಷ್ಯ ಹೇಳಲಾರಳು. ಅವಳ ವಿಷಯದಲ್ಲಿ ಯಾರೂ ಕಾಣದ ಏಕಾಂತವನ್ನು ಕಂಡಂತೆ ಬರೆಯಬೇಕಾದುದು ಕಾದಂಬರಿಕಾರನ ಕಸುಬು. ಅದನ್ನು ಕಂಡದ್ದೆಂದೇ ತಿಳಿಯುವುದು ವಾಚಕನ ಪ್ರಮಾದ.

ಆಧಾರಗ್ರಂಥಗಳನ್ನು ಹೆಸರಿಸಿದರೆ ಈ ತೊಡಕು ಪರಿಹಾರವಾಗುವುದೆಂದು ಕೆಲವರು ನಂಬುವರು. ೨೦೦೭ರಲ್ಲಿ ಹೊರಬಂದು ನಾಡಿನಲ್ಲೆಲ್ಲ ಚರ್ಚೆಯನ್ನೆಬ್ಬಿಸಿದ ಎಸ್. ಎಲ್. ಭೈರಪ್ಪನವರ ಆವರಣದೊಳಗೆ ಗ್ರಂಥಗಳ ಪಟ್ಟಿಯೇ ಇದೆ. ಕೆ. ಎನ್. ಗಣೇಶಯ್ಯನವರು ರೋಚಕವಾದ ಕಥೆಗೂ ಆಕರಗಳ ಟಿಪ್ಪಣಿಗಳನ್ನು ಜೋಡಿಸುವರು. ಇದು ಒಳ್ಳೆಯ ಪದ್ಧತಿ. ಓದುಗನಿಗೆ ಮೂಲದ ದಾರಿಯನ್ನು ತೋರಿಸುವುದು. ಆದರೆ ಆಧಾರವು ಯಾವುದಕ್ಕೆ ಆಧಾರವೆಂಬುದನ್ನು ವಿಂಗಡಿಸಿ ನೋಡಬೇಕು. ಕೋಟೆಯು ಬಿದ್ದ ವರ್ಷಕ್ಕೆ ಶಾಸನವೋ ಬಖೈರೋ ಸಾಕ್ಷಿಯಾಗಬಲ್ಲುದು. ಕೋಟೆಯನ್ನು ಬೀಳಿಸಿದವನ ಎದೆಯಲ್ಲಿ ಆ ರಾತ್ರಿ ಏನಿತ್ತೆಂಬುದಕ್ಕೆ ಯಾವ ಗ್ರಂಥವೂ ಸಾಕ್ಷಿಯಲ್ಲ. ಕಾದಂಬರಿಯ ಜೀವವೆಲ್ಲ ಇರುವುದು ಆ ಎರಡನೆಯ ಜಾಗದಲ್ಲಿ. ಆದುದರಿಂದ ನೂರು ಗ್ರಂಥಗಳ ಪಟ್ಟಿಯನ್ನು ಕೊಟ್ಟರೂ ಕಾದಂಬರಿಯು ಕಾದಂಬರಿಯೇ. ಬಾಣಭಟ್ಟನು ಹರ್ಷನ ಚರಿತೆಯನ್ನೂ ಕಾದಂಬರಿಯನ್ನೂ ಬರೆದಾಗ ಮೊದಲನೆಯದನ್ನು ಆಖ್ಯಾಯಿಕೆಯೆಂದೂ ಎರಡನೆಯದನ್ನು ಕಥೆಯೆಂದೂ ಕರೆದರು. ಇವೆರಡೂ ಬೇರೆ ಜಾತಿಗಳಲ್ಲವೆಂದು ದಂಡಿಯು ವಾದಿಸಿದನು. ರಚನೆಯ ದೃಷ್ಟಿಯಿಂದ ದಂಡಿಯು ಹೇಳಿದ್ದು ಸರಿಯಿರಬಹುದು. ಧರ್ಮದ ದೃಷ್ಟಿಯಿಂದ ಭೇದವು ಉಂಟೇ ಉಂಟು.

ಈ ಭೇದವನ್ನು ಮರೆತಾಗ ಆಗುವ ಕೇಡು ಪುಸ್ತಕದಲ್ಲಿ ಉಳಿಯುವುದಿಲ್ಲ, ಬೀದಿಗೆ ಬರುವುದು. ದುರ್ಗದ ಪತನವನ್ನೋದಿ ಮದಕರಿನಾಯಕನಿಗಾಗಿ ಕಣ್ಣೀರು ಹಾಕುವುದು ರಸಾಸ್ವಾದ. ಮರುದಿನ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಕುಳಿತು, ಕಾದಂಬರಿಯ ಪಾತ್ರವೊಂದು ಮಾಡಿದ ದ್ರೋಹಕ್ಕೆ ಇಂದಿನ ನೆರೆಯವನನ್ನು ಹೊಣೆ ಮಾಡುವುದು ಅಧರ್ಮ. ಹದಿನೆಂಟನೆಯ ಶತಮಾನದ ಪಾಳೆಯಗಾರರ ಸ್ನೇಹವೂ ಹಗೆಯೂ ಮತವನ್ನೋ ಕುಲವನ್ನೋ ಹಿಡಿದು ಸಾಗಿದುವಲ್ಲ. ಇಂದು ಹೈದರನ ಜೊತೆಗಿದ್ದವನು ನಾಳೆ ಅವನ ಎದುರಿಗೆ ನಿಲ್ಲುತ್ತಿದ್ದನು. ಕಾದಂಬರಿಯ ಓಟಕ್ಕೆ ಒಂದು ಪಕ್ಷವು ಬೇಕು. ಊರಿನ ಬಾಳುವೆಗೆ ಎಲ್ಲರೂ ಬೇಕು.

ಇದಕ್ಕೆ ದೃಷ್ಟಾಂತವು ಕೆರೆಬಿಳಚಿಯವರ ಕಣ್ಣೆದುರಿಗೇ ಇದೆ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಚಿಕ್ಕದೊಂದು ಏರಿಯನ್ನು ಕಟ್ಟಿ ಹರಿದ್ರಾ ಹೊಳೆಯನ್ನು ತಡೆದು ಮಾಡಿದ ಸೂಳೆಕೆರೆಯು ಸಮುದ್ರದಂತೆ ಹರಡಿಕೊಂಡಿದೆ. ಅದರ ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ಈ ಕೆರೆಯ ಹುಟ್ಟಿನ ವಿಷಯದಲ್ಲಿ ಪುರಾತನವಾದೊಂದು ಕಥೆಯಿದೆ. ಶಾಂತವ್ವನೆಂಬ ರಾಜಕುಮಾರಿಯು ತನ್ನ ತಪ್ಪಿನ ಪರಿಹಾರಕ್ಕಾಗಿ ಕೆರೆಯನ್ನು ಕಟ್ಟಿಸಲು ಹೊರಟಳಂತೆ. ಮುಳುಗಬೇಕಾದ ನೆಲವು ಅಲ್ಲಿಯ ಸೂಳೆಯರದಾಗಿತ್ತಂತೆ. ಕೆರೆಗೆ ತಮ್ಮ ಹೆಸರಿಡುವುದಾದರೆ ಬಿಟ್ಟುಕೊಡುವೆವೆಂದು ಅವರು ಕೇಳಿದರಂತೆ. ಒಬ್ಬೊಬ್ಬರ ಬಾಯಲ್ಲಿ ಇದಕ್ಕೆ ಒಂದೊಂದು ರೂಪ. ಆದರೆ ಎಲ್ಲ ರೂಪಗಳಲ್ಲಿಯೂ ಆ “ಅಂತೆ”ಯು ತಪ್ಪಿಲ್ಲ.

ಸಭ್ಯರಿಗೆ ಆ ಹೆಸರು ಸಂಕೋಚವನ್ನುಂಟುಮಾಡುವುದರಿಂದ ಶಾಂತಿಸಾಗರವೆಂಬ ಹೆಸರೂ ಬಳಕೆಯಲ್ಲಿದೆ. ಎರಡನ್ನೂ ಹೇಳಲಿ, ಆದರೆ ಕಥೆಯ ಗುಣವನ್ನು ಗಮನಿಸಬೇಕು. ಅದು ಪ್ರಕೃತ ಯಾರ ಮಾನವನ್ನೂ ಕಳೆಯುವುದಿಲ್ಲ. ರಾಜಪುತ್ರಿಯ ತಪ್ಪನ್ನು ಮುಚ್ಚದೆ ಅವಳ ಪಶ್ಚಾತ್ತಾಪವನ್ನೂ ಹೇಳುವುದು. ಲೋಕವು ಕೀಳೆಂದ ಹೆಂಗಸರು ಲೋಕೋಪಕಾರಕ್ಕಾಗಿ ನೆಲೆಯನ್ನೇ ಬಿಟ್ಟುಕೊಟ್ಟು ಬರಿಯ ಹೆಸರನ್ನು ಕೇಳಿದರೆಂದು ಅವರನ್ನು ದಾನಿಗಳ ಸಾಲಿನಲ್ಲಿ ನಿಲ್ಲಿಸುವುದು. ಇದು ಹೀಗೆಯೇ ನಡೆಯಿತೆಂದು ಹಟ ಹಿಡಿಯುವುದೂ ಇಲ್ಲ. ಆ ಕೆರೆಯ ನೀರು ಇಂದು ಕೊಳಾಯಿಯಲ್ಲಿ ಹರಿದು ಚಿತ್ರದುರ್ಗದ ಊರಿಗೂ ಕುಡಿಯಲು ಒದಗುತ್ತಿದೆ. ಚರಿತ್ರೆಯ ಕಾದಂಬರಿಯನ್ನು ಬರೆಯುವವರಿಗೂ ಓದುವವರಿಗೂ ಈ ಜನಪದ ಕಥೆಯು ಗುರುವಾಗಬಲ್ಲುದು: ಹಿಂದಿನವರ ಹೆಸರನ್ನು ತೆಗೆದುಕೊಂಡರೆ ಅವರಿಗೆ ಸಲ್ಲತಕ್ಕ ಗೌರವವನ್ನು ಕೊಡಬೇಕು, ಕಂಡದ್ದಕ್ಕಿಂತ ಹೆಚ್ಚನ್ನು ಕಂಡೆನೆಂದು ಹೇಳಬಾರದು.

ಕಾದಂಬರಿಕಾರನು “ಅಂತೆ”ಯನ್ನು ಬಿಟ್ಟೇ ಬರೆಯಬೇಕು. “ನಾಯಕನು ಕತ್ತಿ ಹಿರಿದನಂತೆ” ಎಂದು ಸಾಲುಸಾಲಿಗೂ ಬರೆದರೆ ರಸವು ಕೆಡುವುದು. ಪರೋಕ್ಷವನ್ನು ಪ್ರತ್ಯಕ್ಷ ಮಾಡುವುದೇ ಅವನ ಶಕ್ತಿ. ಓದುತ್ತಿರುವಷ್ಟು ಹೊತ್ತು ವಾಚಕನೂ ಅದನ್ನು ಮರೆಯಲಿ. ಮರೆಯದಿದ್ದರೆ ಅವನು ಸಹೃದಯನಲ್ಲ. ಆದರೆ ಪುಸ್ತಕವನ್ನು ಮುಚ್ಚಿ ಇನ್ನೊಬ್ಬನಿಗೆ ಹೇಳಲು ಬಾಯಿ ತೆರೆದಾಗ, ಕವಿಯು ತೆಗೆದಿಟ್ಟ ಆ ಪ್ರತ್ಯಯವನ್ನು ಮತ್ತೆ ಸೇರಿಸುವುದು ವಾಚಕನ ಹೊಣೆ. “ಹೀಗೆ ನಡೆಯಿತು” ಎನ್ನುವುದಕ್ಕೂ “ಕಾದಂಬರಿಯಲ್ಲಿ ಹೀಗಿದೆ” ಎನ್ನುವುದಕ್ಕೂ ಅಂತರವು ಎರಡು ಮಾತಿನದು. ಆ ಎರಡು ಮಾತಿನಲ್ಲಿ ಸತ್ತವರ ಮಾನವೂ ಇದ್ದವರ ಸ್ನೇಹವೂ ನಿಂತಿವೆ. ಬರೆದವನ ಋಣವನ್ನು ಬರೆದವನೊಬ್ಬನೇ ತೀರಿಸಲಾರನು. ಮೆಚ್ಚಿದವನು ತನ್ನ ಪಾಲನ್ನು ತೀರಿಸಬೇಕು. ಮೆಚ್ಚುಗೆಯು ಹೆಚ್ಚಿದಷ್ಟೂ ಆ ಪಾಲೂ ಹೆಚ್ಚುವುದು, ಏಕೆಂದರೆ ಕಥೆಯನ್ನು ಊರೆಲ್ಲ ಹರಡುವವನು ಉತ್ಸಾಹಿಯೇ ಹೊರತು ಉದಾಸೀನನಲ್ಲ.

ಆದುದರಿಂದ ಮನೆಯ ಹಿರಿಯರು ದೆವ್ವದ ಪುಸ್ತಕವನ್ನು ಕಸಿದುಕೊಂಡು ರಾಜರ ಪುಸ್ತಕವನ್ನು ಕೈಗಿಡುವುದರಿಂದ ಕರ್ತವ್ಯವು ಮುಗಿಯದು. ಎರಡನ್ನೂ ಓದಲಿ. ಒಂದನ್ನೋದಿ ಹೆದರಿದ ಮಗುವಿಗೆ ದೀಪವನ್ನು ಹಿಡಿದು ಹಿತ್ತಲನ್ನು ತೋರಿಸಿದರೆ ಸಾಕು. ಇನ್ನೊಂದನ್ನೋದಿ ಉಬ್ಬಿದ ಮಗುವಿಗೆ, ಅದೇ ಸಂಗತಿಯನ್ನು ಹೇಳುವ ಚರಿತ್ರೆಯ ಪುಸ್ತಕವೊಂದನ್ನು ಪಕ್ಕದಲ್ಲಿಟ್ಟು, ಎಲ್ಲಿ ಚರಿತ್ರೆ ಮುಗಿದು ಕಲ್ಪನೆ ಮೊದಲಾಯಿತೆಂದು ಅದರಿಂದಲೇ ಹುಡುಕಿಸಬೇಕು. ಹುಡುಕುವುದರಿಂದ ಕಾದಂಬರಿಯ ಸವಿಯು ಕುಂದುವುದಿಲ್ಲ. ಎಷ್ಟು ಕಡಮೆ ನೂಲಿನಿಂದ ಎಷ್ಟು ದೊಡ್ಡ ಬಟ್ಟೆಯನ್ನು ನೇಯ್ದರೆಂದು ಬರೆದವರ ಮೇಲಣ ಗೌರವವು ಹೆಚ್ಚುವುದು, ಹೆಸರನ್ನು ಸಾಲ ಕೊಟ್ಟವರಿಗೂ ನ್ಯಾಯವು ಸಲ್ಲುವುದು.